ಲಿನಕ್ಸ್ ಬೂಟ್ ಆಗ್ತಿಲ್ವಾ: ಹಳೇ ಕರ್ನಲ್ ಸಾಕಾ, ಲೈವ್ ಯುಎಸ್‌ಬಿ ಬೇಕಾ?

ಗ್ರಬ್ ಮೆನು (ಆನ್ ಮಾಡಿದ ತಕ್ಷಣ ಏನನ್ನ ಬೂಟ್ ಮಾಡ್ಬೇಕು ಅಂತ ಕೇಳೋ ಪಟ್ಟಿ) ಬರ್ತಿದ್ರೆ ಪೆನ್‌ಡ್ರೈವ್ ಹುಡುಕೋಕೆ ಹೋಗ್ಬೇಡಿ, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೇ ಕರ್ನಲ್ (ಲಿನಕ್ಸ್‌ನ ಮೂಲ ಭಾಗದ ಹಿಂದಿನ ಆವೃತ್ತಿ) ಇರುತ್ತಲ್ಲ, ಅದ್ರಿಂದ ಬೂಟ್ ಮಾಡಿ ನೋಡಿ, ಅಪ್‌ಡೇಟ್ ಆದ್ಮೇಲೆ ಕೆಟ್ಟಿದ್ರೆ ಎಷ್ಟೋ ಸಲ ಇಷ್ಟೇ ಸಾಕು. ಸ್ಕ್ರೀನ್ ಬರೀ ಕಪ್ಪಾಗಿದ್ರೆ ಅದೇ ಮೆನುನಲ್ಲಿ 'ಇ' (e) ಒತ್ತಿ, ಲಿನಕ್ಸ್ (linux) ಅಂತ ಶುರುವಾಗೋ ಸಾಲಿನ ಕೊನೇಲಿ ನೋಮೋಡ್‌ಸೆಟ್ (nomodeset, ಗ್ರಾಫಿಕ್ಸ್ ಡ್ರೈವರ್ ಸ್ಕ್ರೀನ್ ಮೋಡ್ ಬದಲಿಸದ ಹಾಗೆ ತಡೆಯೋ ಆಯ್ಕೆ) ಸೇರಿಸಿ.

ಮೆನುನೇ ಬರ್ದೆ ಗ್ರಬ್ ರೆಸ್ಕ್ಯೂ ಅಂತ ನಿಂತ್ಬಿಟ್ರೆ ಮಾತ್ರ ಲೈವ್ ಯುಎಸ್‌ಬಿ, ಅಂದ್ರೆ ಪೆನ್‌ಡ್ರೈವ್‌ನಿಂದಲೇ ಓಡೋ ಲಿನಕ್ಸ್. ಟೈಮ್ ಹಿಡಿಯುತ್ತೆ ನಿಜ, ರೂಟ್ ಪಾರ್ಟಿಷನ್ನು (ಲಿನಕ್ಸ್ ಇರೋ ಡಿಸ್ಕ್ ಭಾಗ), ಇಎಫ್‌ಐ ಪಾರ್ಟಿಷನ್ನು (ಬೂಟ್ ಫೈಲ್‌ಗಳಿರೋ ಭಾಗ) ಎರಡೂ ಮೌಂಟ್ ಮಾಡಿ (ತೆರೆದು ಜೋಡಿಸಿ), ಕ್ರೂಟ್ (chroot) ಮಾಡಿ, ಅಂದ್ರೆ ಡಿಸ್ಕ್‌ನಲ್ಲಿರೋ ಲಿನಕ್ಸ್ ಒಳಗೆ ಹೋಗಿ, ಗ್ರಬ್ ಮತ್ತೆ ಹಾಕ್ಬೇಕು, ಆದ್ರೆ ಫೈಲ್‌ಗಳನ್ನ ಮೊದ್ಲೇ ಕಾಪಿ ಮಾಡ್ಕೋಬಹುದು, ನಂಗೆ ಅದೇ ದೊಡ್ಡ ಸಮಾಧಾನ. ನಿಮ್ಮ ಲಿನಕ್ಸ್ ಯುಇಎಫ್‌ಐ (ಹಳೇ ಬಯೋಸ್ ಬದಲಿಗೆ ಬಂದ ಬೂಟ್ ವ್ಯವಸ್ಥೆ) ಮೋಡಲ್ಲಿ ಹಾಕಿದ್ದಾದ್ರೆ ಯುಎಸ್‌ಬಿನೂ ಅದೇ ಮೋಡಲ್ಲೇ ಬೂಟ್ ಆಗಿರ್ಬೇಕು, ಇದನ್ನ ದಯವಿಟ್ಟು ಮರೀಬೇಡಿ.