ಶಾಲೆ ಮುಗಿಯುವ ಹೊತ್ತಿನ ಜೆರಾಕ್ಸ್ ಅಂಗಡಿ

ತೀರ್ಥಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ನಾನು ಹೇಳಲು ಹೊರಟಿರುವುದು ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಸಿಗುವ ಒಂದರ ಬಗ್ಗೆ. ಮಳೆಗೆ ತೊಳೆದು ತೊಳೆದು ಅದರ ಬೋರ್ಡಿನಲ್ಲಿ ಹೆಸರೇ ಉಳಿದಿಲ್ಲ. ‘ಆನ್‌ಲೈನ್’ ಅಂತ ಇದ್ದದ್ದರಲ್ಲಿ ‘ಲೈನ್’ ಮಾತ್ರ ಕಾಣುತ್ತದೆ. ಅದು ಸುಳ್ಳಲ್ಲ ಬಿಡಿ, ಮೇ ತಿಂಗಳಲ್ಲಿ ಅಲ್ಲಿ ಯಾವಾಗಲೂ ಲೈನೇ.

ನಮ್ಮ ಮನೆ ಆಗುಂಬೆ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಮಗಳು 2025ರಲ್ಲಿ ಎಸ್ಸೆಸ್ಸೆಲ್ಸಿ ಬರೆದಳು, ಮಗ ಎಂಟು ಮುಗಿಸಿದ. ಶಾಲೆಯ ಸುದ್ದಿಯೆಲ್ಲ ಬರುವುದು ವಾಟ್ಸಾಪ್ ಗ್ರೂಪಿಗೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಎರಡೇ ಕಡೆ: ಅಡಿಕೆ ಒಣಗಿಸುವ ಅಂಗಳದ ಮೂಲೆ, ಇಲ್ಲವೇ ಗುಡ್ಡದ ಮೇಲಿನ ಹಲಸಿನ ಮರದ ಬುಡ. ಏಪ್ರಿಲ್ 4ಕ್ಕೆ ಪರೀಕ್ಷೆ ಮುಗಿದ ಮೇಲೆ ನಾನು ಮಾವಿನ ಮಿಡಿ ಉಪ್ಪಿಗೆ ಹಾಕುವ ಗಡಿಬಿಡಿಯಲ್ಲಿದ್ದೆ. ವಾರ ಬಿಟ್ಟು ಗುಡ್ಡ ಹತ್ತಿ ಫೋನ್ ಎತ್ತಿ ಹಿಡಿದರೆ ಅರುವತ್ತು ಚಿಲ್ಲರೆ ಮೆಸೇಜು ಒಟ್ಟಿಗೇ ಬಿದ್ದವು. ಗುಲಾಬಿ ಹೂವಿನ ಶುಭೋದಯ, ಬೀಳ್ಕೊಡುಗೆಯ ಫೋಟೋ, ಯಾರದೋ ಕಳೆದುಹೋದ ಕೊಡೆ. ಇವುಗಳ ಮಧ್ಯೆ ಎಲ್ಲೋ ಒಂದು ಕಡೆ, ಟಿಸಿಗೆ ಏನೇನು ತರಬೇಕು ಅನ್ನುವ ಮಾತು. ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಕಣ್ಣಿಗೆ ಬಿದ್ದದ್ದು ಈ ಅಂಗಡಿಯ ಹಲಗೆಯ ಮೇಲೆ.

ಕೌಂಟರಿನ ಪಕ್ಕ ಒಂದು ಕಪ್ಪು ಹಲಗೆ ನೇತುಹಾಕಿದ್ದಾರೆ. ಅಂಗಡಿ ನಡೆಸುವವಳು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಸೀಮೆಸುಣ್ಣದಲ್ಲಿ ಅವಳೇ ಬರೆಯುವುದು. ಅವತ್ತು ಇದ್ದದ್ದು ಇಷ್ಟು: ‘ಹಾಲ್ ಟಿಕೆಟ್ ಬಿಸಾಡಬೇಡಿ, ರಿಸಲ್ಟಿಗೆ ರಿಜಿಸ್ಟರ್ ನಂಬರ್ ಬೇಕು. ಲೈಬ್ರರಿ ಪುಸ್ತಕ ಕೊಟ್ಟಾಯ್ತಾ? ಆದಾಯ ಸರ್ಟಿಫಿಕೇಟಿಗೆ 5 ವರ್ಷ ಆಯ್ತಾ ನೋಡಿ. ಆಧಾರಿನ ಹೆಸರು, ಶಾಲೆಯ ಹೆಸರು ಒಂದೇನಾ?’ ಕೊನೆಯಲ್ಲಿ ದಪ್ಪಗೆ, ‘ಚಿಲ್ಲರೆ ತನ್ನಿ.’

ನಾನು ಹೋಗಿದ್ದು ಪಹಣಿ ಪ್ರಿಂಟ್ ತೆಗೆಸಲಿಕ್ಕೆ. ಆ ಹಲಗೆ ಓದಿ ಎದೆ ಧಸಕ್ಕೆಂದಿತು. ಮಗಳ ಹೆಸರು ಆಧಾರಿನಲ್ಲಿ ಅಪ್ಪನ ಹೆಸರಿನ ಜೊತೆ ಉದ್ದಕ್ಕಿದೆ, ಶಾಲೆಯಲ್ಲಿ ಬರೀ ಇನಿಷಿಯಲ್.

“ಇದಕ್ಕೆ ಎಷ್ಟು ತಗೊಳ್ತೀಯಾ ಮಾರಾಯ್ತಿ?” ಅಂದೆ.

“ಇದು ನನ್ನ ಕೈಯಲ್ಲಿ ಆಗಲ್ಲ ಅಕ್ಕಾ. ಅಂಚೆ ಕಚೇರಿಯ ಆಧಾರ್ ಕೌಂಟರಿಗೆ ಹೋಗಿ. ಮಗಳಿಗೆ ಹದಿನೈದು ತುಂಬಿದೆ ಅಲ್ವಾ? ಬೆರಳಚ್ಚು, ಕಣ್ಣು ಹೊಸದಾಗಿ ಕೊಡಬೇಕು. ಅದೂ ಒಂದೇ ಸಲಕ್ಕೆ ಆಗಿಹೋಗ್ಲಿ” ಅಂದಳು.

ಐದು ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಒಮ್ಮೆ ಮಕ್ಕಳ ಬೆರಳಚ್ಚು ಕೊಡಬೇಕು ಅಂತ ನನಗೆ ಗೊತ್ತೇ ಇರಲಿಲ್ಲ. ಹದಿನೈದರಿಂದ ಹದಿನೇಳರ ಒಳಗೆ ಕೊಟ್ಟರೆ ಅದಕ್ಕೆ ದುಡ್ಡೂ ಇಲ್ಲ. ಈ ಮಾತಿಗೆ ಅವಳು ಒಂದು ಪೈಸೆ ಕೇಳಲಿಲ್ಲ. ಪಹಣಿಯ ದುಡ್ಡು ಮಾತ್ರ ತೆಗೆದುಕೊಂಡಳು.

ಮೇ 2, ರಿಸಲ್ಟಿನ ದಿನ. ವೆಬ್‌ಸೈಟಿಗೆ ಬರುವುದು ಮಧ್ಯಾಹ್ನ ಹನ್ನೆರಡೂವರೆಗೆ ಅಂತ ಹೇಳಿದ್ದರು. ಹನ್ನೊಂದಕ್ಕೇ ಅಂಗಡಿಯ ಮುಂದೆ ಮಕ್ಕಳು, ಅಪ್ಪಂದಿರು, ಒಬ್ಬರು ಅಜ್ಜ. ಒಳಗಿರುವುದು ಎರಡು ಕಂಪ್ಯೂಟರು, ಒಂದು ಕುರ್ಚಿ, ಸದ್ದು ಮಾತ್ರ ಮಾಡುವ ಒಂದು ಫ್ಯಾನು. ಹನ್ನೆರಡೂಮುಕ್ಕಾಲಾದರೂ ಪುಟ ತೆರೆಯಲಿಲ್ಲ, ಬಿಳಿ ಪರದೆಯ ಮೇಲೆ ಗುಂಡಗೆ ತಿರುಗುವುದೊಂದೇ. ಅಷ್ಟರಲ್ಲಿ ಕರೆಂಟ್ ಹೋಯಿತು. ಅವಳ ಗಂಡ ಹಿಂದಿನಿಂದ ಓಡಿ ಬಂದು ಯುಪಿಎಸ್ ಬ್ಯಾಟರಿಗೆ ಎರಡು ಏಟು ಹಾಕಿದ ಮೇಲೆ ಅದು ಎದ್ದಿತು.

ಇಲ್ಲಿ ನನಗೆ ಒಂದು ವಿಷಯ ಬಹಳ ಹಿಡಿಸಿತು. ಅಂಕವನ್ನು ಅವಳು ಗಟ್ಟಿಯಾಗಿ ಓದುವುದಿಲ್ಲ. ಪರದೆಯನ್ನು ಮಗುವಿನ ಕಡೆ ತಿರುಗಿಸುತ್ತಾಳೆ, ಅಷ್ಟೇ. ನನ್ನ ಮುಂದೆ ನಿಂತಿದ್ದ ಹುಡುಗನಿಗೆ ಗಣಿತ ಹೋಗಿತ್ತು. ಹುಡುಗನ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಇವಳು ಪ್ರಿಂಟು ಮಡಚಿ ಕೊಡುತ್ತಾ, ಲೈನಿನವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, “ಪರೀಕ್ಷೆ-2 ಮೇ 26ಕ್ಕೇ ಶುರು. ಅದೂ ಆಗದಿದ್ರೆ ಮೂರನೇದು ಇದೆ. ಯಾವುದರಲ್ಲಿ ಜಾಸ್ತಿ ಬರುತ್ತೋ ಅದೇ ಉಳಿಯೋದು. ಇವತ್ತೇ ಹೆಡ್ ಮೇಷ್ಟ್ರಿಗೆ ಫೋನ್ ಮಾಡಿ ಅಕ್ಕಾ” ಅಂದಳು. ಬೆನ್ನ ಹಿಂದೆಯೇ ಇದ್ದ ನನಗೆ ಮಾತ್ರ ಕೇಳಿಸಿತು, ಕೇಳಿಸದವಳ ಹಾಗೆ ನಿಂತೆ. ಅವರ ಹತ್ತಿರ ಪ್ರಿಂಟಿನ ದುಡ್ಡು ತೆಗೆದುಕೊಂಡಳೋ ಇಲ್ಲವೋ ನಾನು ನೋಡಲಿಲ್ಲ.

ನನ್ನ ಮಗಳಿಗೆ 625ಕ್ಕೆ 571. ಕನ್ನಡದಲ್ಲಿ 125ಕ್ಕೆ 123. ಆ ಎರಡು ಎಲ್ಲಿ ಹೋಯಿತು ಅಂತ ಇವತ್ತಿಗೂ ಕೇಳುತ್ತಾಳೆ. ನಮ್ಮ ಶಿವಮೊಗ್ಗ ಜಿಲ್ಲೆ ರಾಜ್ಯಕ್ಕೆ ನಾಲ್ಕನೆಯದು, ಶೇ. 82.29 ಅಂತ ಸಂಜೆ ಸುದ್ದಿಯಲ್ಲಿ ಬಂದಾಗ ನಮ್ಮವರು ಅವರೇ ಪರೀಕ್ಷೆ ಬರೆದವರ ಹಾಗೆ ಮೀಸೆ ತಿರುವಿದರು.

ಈಗ ಬೈಯುವ ಭಾಗ. ಬರೀ ಹೊಗಳಿದರೆ ನೀವು ನಾನು ಅವಳ ನೆಂಟಳು ಅಂದುಕೊಳ್ಳುತ್ತೀರಿ.

ಪಿಯು ಕಾಲೇಜಿನ ಹಾಸ್ಟೆಲ್ ಅರ್ಜಿ ಹಾಕಿಸಲು ಹೋದಾಗ ಜಾತಿ-ಆದಾಯ ಸರ್ಟಿಫಿಕೇಟಿನ ನಂಬರನ್ನು ಅವಳು ತಪ್ಪು ಹೊಡೆದಳು. ಆರ್‌ಡಿ ಅಂತ ಶುರುವಾಗಿ ರೈಲಿನಷ್ಟು ಉದ್ದ ಇರುತ್ತದಲ್ಲ, ಅದು. ಮೂರರ ಜಾಗದಲ್ಲಿ ಎಂಟು. ಗೊತ್ತಾದದ್ದು ನಾಲ್ಕು ದಿನ ಬಿಟ್ಟು. ಮತ್ತೆ ಊರಿಂದ ಬರಬೇಕು, ಮತ್ತೆ ಬಸ್ಸಿಗೆ ದುಡ್ಡು. ಹೆಂಗಸರಿಗೆ ಬಸ್ ಫ್ರೀ ಅಲ್ವಾ ಅನ್ನಬೇಡಿ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ, ನಮ್ಮ ದಾರಿಯಲ್ಲಿ ಓಡುವುದು ಖಾಸಗಿ. ಇಷ್ಟೆಲ್ಲ ಆಗಿ ತಿದ್ದುವುದಕ್ಕೂ ಅವಳು ಐವತ್ತು ರೂಪಾಯಿ ಕೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. “ತಪ್ಪು ನಿಂದು, ದುಡ್ಡು ನಂದಾ?” ಅಂದೆ. “ಹೊಡೆದ ಮೇಲೆ ನಿಮಗೆ ತೋರಿಸಿದ್ದೆ ಅಲ್ವಾ ಅಕ್ಕಾ, ಸರಿ ಅಂದ್ರಿ” ಅಂದಳು. ತೋರಿಸಿದ್ದು ಹೌದು. ನಾನು ಕನ್ನಡಕ ತಂದಿರಲಿಲ್ಲ. ಕೊನೆಗೆ ಇಪ್ಪತ್ತೈದಕ್ಕೆ ಮುಗಿಯಿತು. ಹಾಗಾಗಿ ಕನ್ನಡಕ ತೆಗೆದುಕೊಂಡು ಹೋಗಿ, ಒಂದೊಂದೇ ಅಂಕಿ ಬೆರಳಿಟ್ಟು ನೋಡಿ.

ಇನ್ನೊಂದು, ಒಟಿಪಿ. ಇದರಲ್ಲಿ ಅವಳ ತಪ್ಪಿಲ್ಲ. ಆಧಾರಿಗೆ ಜೋಡಿಸಿದ ನಂಬರ್ ನಮ್ಮವರದು, ನಮ್ಮವರು ತೋಟದಲ್ಲಿ, ತೋಟದಲ್ಲಿ ಸಿಗ್ನಲ್ ಇಲ್ಲ. ಪಕ್ಕದ ಮನೆಯ ಹುಡುಗನಿಗೆ ಫೋನ್ ಮಾಡಿ, ಅವನು ತೋಟಕ್ಕೆ ಓಡಿ, ಇವರು ಗುಡ್ಡ ಹತ್ತಿ ನಂಬರ್ ಓದುವಷ್ಟರಲ್ಲಿ ಅದರ ಆಯಸ್ಸು ಮುಗಿದಿತ್ತು. ಎರಡು ಸಲ ಹೀಗೇ. ಲೈನಿನಲ್ಲಿ ನನ್ನ ಹಿಂದೆ ನಿಂತವರ ಮುಖ ನೋಡಲಾಗಲಿಲ್ಲ. ಮರುದಿನ ಗಂಡನನ್ನೇ ಕರೆದುಕೊಂಡು ಹೋದೆ. ಫೋನ್ ಮಾತ್ರ ಸಾಕಿತ್ತು, ಆದರೆ ಅದನ್ನು ಬಿಟ್ಟಿರಲು ಅವರು ಒಪ್ಪಲಿಲ್ಲ.

ಲೈನ್ ಅಂದೆನಲ್ಲ, ಅದನ್ನು ಕಾಯುವ ಅಭ್ಯಾಸ ಆ ಅಂಗಡಿಗೆ ಇಲ್ಲ. ‘ಒಂದೇ ಒಂದು ಜೆರಾಕ್ಸ್’ ಅಂತ ಪಕ್ಕದಿಂದ ಕೈ ತೂರಿಸಿದವರಿಗೆ ಮೊದಲು. ಈ ವಿಷಯಕ್ಕೆ ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ.

ಆದರೂ ಮತ್ತೆ ಹೋಗುತ್ತೇನೆ. ಕಾರಣ ಎರಡು. ಅಂಕಪಟ್ಟಿ ಕೈಗೆ ಬಂದ ದಿನ ಲ್ಯಾಮಿನೇಶನ್ ಮಾಡಿಸಲು ಹೋದೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಗೊತ್ತು, ಕಬ್ಬಿಣದ ಬೀರುವಿನಲ್ಲಿಟ್ಟ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಅವಳು ಮಾಡಲ್ಲ ಅಂದಳು. “ಒರಿಜಿನಲ್ಲಿಗೆ ಬೇಡ ಅಕ್ಕಾ. ನಾಳೆ ಎಲ್ಲಾದ್ರೂ ಸೀಲು, ಸಹಿ ಪರೀಕ್ಷೆ ಮಾಡ್ತಾರೆ. ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಜೆರಾಕ್ಸಿಗೆ ಬೇಕಾದ್ರೆ ಲ್ಯಾಮಿನೇಶನ್ ಮಾಡ್ಕೊಡ್ತೀನಿ.” ಕೈಗೆ ಬಂದ ವ್ಯಾಪಾರ ಬಿಡುವವರು ಎಷ್ಟು ಜನ ಇದ್ದಾರೆ ಹೇಳಿ. ಕಾಗದಪತ್ರವನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಡಿಜಿಲಾಕರ್ ಅನ್ನೂ ಮಗಳ ಹತ್ತಿರ ಅಲ್ಲೇ ತೆರೆಸಿದಳು.

ಎರಡನೆಯದು ಇನ್ನೂ ದೊಡ್ಡದು. ಟಿಸಿ ತರಲು ಹೊರಟಾಗ ಕೂಗಿ ನಿಲ್ಲಿಸಿ ಕೇಳಿದಳು, “ಒಂದರಿಂದ ಹತ್ತು ಎಲ್ಲಿ ಓದಿದ್ದು ಮಗಳು?” ಎಲ್ಲ ಹಳ್ಳಿಯಲ್ಲೇ, ಎಲ್ಲ ಕನ್ನಡದಲ್ಲೇ ಅಂದೆ. ಹಾಗಾದರೆ ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ ಎರಡರ ಸರ್ಟಿಫಿಕೇಟನ್ನೂ ಈಗಲೇ ಮಾಡಿಸಿಕೊಳ್ಳಿ, ಹೆಡ್ ಮೇಷ್ಟ್ರ ಸಹಿಯ ಜೊತೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಮೇಲುಸಹಿ ಬೇಕು ಅಂದಳು. ಎರಡು ವರ್ಷ ಬಿಟ್ಟು ಇಂಜಿನಿಯರಿಂಗ್ ಮುಂತಾದ ಕೋರ್ಸಿನ ಪ್ರವೇಶಕ್ಕೆ ಸಿಇಟಿ ಬರೆಯುವಾಗ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಇದೆ. ಆಗ ಈ ಕಾಗದಕ್ಕೆ ಓಡಾಡುವುದೇ ದೊಡ್ಡ ಪಾಡಂತೆ. ನಮ್ಮವಳು ಓದಿದ್ದು ಎರಡು ಶಾಲೆ. ಏಳರವರೆಗೆ ಊರಿನದ್ದು, ಆಮೇಲೆ ಹೈಸ್ಕೂಲು. ಎರಡೂ ಕಡೆಯಿಂದ ಬೇಕು. ಊರಿನ ಶಾಲೆಯ ಮೇಷ್ಟ್ರು ರಜಕ್ಕೆ ಊರಿಗೆ ಹೋಗಿದ್ದರು, ಬಂದ ಮೇಲೆ ಒಂದೇ ಬೆಳಿಗ್ಗೆ ಬರೆದುಕೊಟ್ಟರು. ಶಾಲೆಯ ಗ್ರೂಪಿನಲ್ಲಿ ಈ ಮಾತು ಬಂದಿತ್ತಾ ಅಂತ ಆಮೇಲೆ ಹಿಂದಕ್ಕೆ ತಳ್ಳಿ ತಳ್ಳಿ ನೋಡಿದೆ. ಇರಲಿಲ್ಲ. ಗುಲಾಬಿ ಹೂವು ಮಾತ್ರ ಹದಿನೇಳು.

ದರ: ಜೆರಾಕ್ಸ್ ಎರಡು ರೂಪಾಯಿ, ಬಣ್ಣದ ಪ್ರಿಂಟ್ ಹತ್ತು, ಅರ್ಜಿಗೆ ಕೆಲಸ ನೋಡಿಕೊಂಡು ಐವತ್ತರಿಂದ ನೂರು. ಮಧ್ಯಾಹ್ನ ಊಟಕ್ಕೆ ಒಂದು ಗಂಟೆ ಬಾಗಿಲು ಹಾಕುತ್ತಾರೆ. ಸಂತೆಯ ದಿನ ಹೋಗಬೇಡಿ.

ಆ ವರ್ಷ ಮಳೆ ಬೇಗ ಹಿಡಿಯಿತು. ಶಾಲೆ ಶುರುವಾಗುವ ಹಿಂದಿನ ದಿನ ಮಗನ ಫೋಟೋ ತೆಗೆಸಲು ಹೋದರೆ ಹಲಗೆಯ ಮೇಲೆ ಹೊಸ ಬರಹ. ‘29ಕ್ಕೆ ಶಾಲೆ. ಒಂಬತ್ತಕ್ಕೆ ಹೋಗುವವರು ಈಗಲೇ ಹೆಸರು, ಹುಟ್ಟಿದ ದಿನ ನೋಡಿಕೊಳ್ಳಿ, ಹತ್ತಕ್ಕೆ ಬಂದ ಮೇಲೆ ಅಳಬೇಡಿ.’ ಇರಚಲಿಗೆ ಕೆಳಗಿನ ಸಾಲುಗಳು ಆಗಲೇ ಇಳಿಯತೊಡಗಿದ್ದವು. ಅವಳು ಲೈನಿನವರ ಜೊತೆ ಜಗಳದಲ್ಲಿದ್ದಳು. ನಾನು ಸೊಸೈಟಿಯ ಗೊಬ್ಬರದ ಚೀಟಿಯ ಹಿಂದೆ, ಕಾಣುವಷ್ಟನ್ನು ಬರೆದುಕೊಂಡೆ. ಈ ಸಲ ಕನ್ನಡಕ ಇತ್ತು.