ಝೂಮ್, ಮೀಟ್, ವಾಟ್ಸಾಪ್: ಮುಂಬಯಿಯ ಕನ್ನಡ ಮಕ್ಕಳಿಗೆ ಯಾವುದು?

ಭಾಂಡುಪ್‌ನ ಮನೆಯಲ್ಲಿ ಕುಳಿತು ಕನ್ನಡ ಮಾಧ್ಯಮದ ಮಕ್ಕಳಿಗೆ ಸಂಜೆ ಪಾಠ ಹೇಳುವ ನಾನು ಈ ಮೂರನ್ನೂ ಬಳಸಿದ್ದೇನೆ. ಪುಸ್ತಕಕ್ಕೆ ಕೊರತೆಯಿಲ್ಲ, ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪಠ್ಯಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಪಾಠ ಮಗುವಿಗೆ ಮುಟ್ಟುವುದು ಹೇಗೆ ಎಂಬುದೇ ಚಿಂತೆ.

ಝೂಮ್‌ನ ಉಚಿತ ತರಗತಿ 40 ನಿಮಿಷಕ್ಕೆ ನಿಲ್ಲುತ್ತದೆ. ಮೂರನೆಯ, ನಾಲ್ಕನೆಯ ತರಗತಿಯವರಿಗೆ ಅಷ್ಟು ಸಾಕು. ಪರದೆಯ ಮೇಲೆ ಬರೆದು ತೋರಿಸಬಹುದಾದ್ದರಿಂದ ಒತ್ತಕ್ಷರ ಕಲಿಸಲು ನನಗೆ ಇದೇ ಮೇಲು. ಕಂಪ್ಯೂಟರಿನಿಂದ ನಡೆಸಿದರೆ ಉಚಿತವಾಗಿಯೇ ಪಾಠವನ್ನು ರೆಕಾರ್ಡ್ ಮಾಡಿಕೊಳ್ಳಬಹುದು. ಗೂಗಲ್ ಮೀಟ್ ಉಚಿತವಾಗಿ 60 ನಿಮಿಷ ಕೊಡುತ್ತದೆ, ಮಕ್ಕಳು ಸೇರುವುದೂ ಸುಲಭ. ಆದರೆ ರೆಕಾರ್ಡ್ ಮಾಡಲು ಹಣ ಕಟ್ಟಬೇಕು. ಅದರ ಜೊತೆ ಬರೆದು ತೋರಿಸಲು ಬಳಸುತ್ತಿದ್ದ ಜ್ಯಾಮ್‌ಬೋರ್ಡ್ ಅನ್ನು ಗೂಗಲ್ 2024ರ ಕೊನೆಗೆ ಮುಚ್ಚಿತು. ಆಮೇಲೆ ನಾನು ಮೀಟ್‌ಗೆ ಹೋಗುವುದು ಅಪರೂಪ.

ಆದರೆ ಇವೆರಡಕ್ಕೂ ಮಗುವಿನ ಕೈಯಲ್ಲಿ ಆ ಹೊತ್ತಿಗೆ ಫೋನ್ ಇರಬೇಕು. ಮನೆಗೊಂದೇ ಫೋನ್, ಅದು ಹೋಟೆಲಿನಲ್ಲೋ ಕಟ್ಟಡದ ಕೆಲಸದಲ್ಲೋ ಇರುವ ಅಪ್ಪನ ಜೇಬಿನಲ್ಲಿ. ಆತ ಮನೆ ಸೇರುವಾಗ ರಾತ್ರಿ ಹತ್ತು. ಅಂಥ ಮಕ್ಕಳಿಗೆ ವಾಟ್ಸಾಪ್ ಧ್ವನಿ ಸಂದೇಶವೇ ಶಾಲೆ. ನಾನು ಪದ್ಯವನ್ನು ಓದಿ ಕಳಿಸುತ್ತೇನೆ. ಮಗು ತನಗೆ ಸಾಧ್ಯವಾದಾಗ ಕೇಳಿ, ತಾನೂ ಓದಿ ಕಳಿಸುತ್ತದೆ. 'ಹಕ್ಕಿ'ಯನ್ನು 'ಅಕ್ಕಿ' ಎಂದಿದ್ದರೆ ತಿದ್ದಿ ಮರಳಿಸುತ್ತೇನೆ. ಗುಂಪಿನ ಗದ್ದಲದಲ್ಲಿ ಇಂಥದು ಕಿವಿಗೆ ಬೀಳುವುದೇ ಇಲ್ಲ. ನಾಲ್ವರ ಮುಂದೆ ಬಾಯಿ ಬಿಡದ ಹುಡುಗಿಯೊಬ್ಬಳು ಇಲ್ಲಿ ಪುಟಗಟ್ಟಲೆ ಓದುತ್ತಾಳೆ. ಅರ್ಥವಾಗದ್ದನ್ನು ಆ ಕ್ಷಣವೇ ಕೇಳಲಾಗದಿರುವುದು ಇದರ ದೊಡ್ಡ ಕೊರತೆ.

ಭಾರ ಬೀಳುವುದು ಶಿಕ್ಷಕರ ಮೇಲೆ. ಝೂಮ್, ಮೀಟ್‌ಗಳಲ್ಲಿ ಒಮ್ಮೆ ಹೇಳಿದ ಪಾಠವನ್ನು ಇಡೀ ತರಗತಿ ಕೇಳುತ್ತದೆ. ಧ್ವನಿ ಸಂದೇಶದಲ್ಲಾದರೆ ಪ್ರತಿ ಮಗುವಿನ ಓದನ್ನೂ ಬೇರೆಬೇರೆಯಾಗಿ ಕೇಳಬೇಕು, ಅದೂ ಮಲಗುವ ಹೊತ್ತಿಗೆ. ಈ ಕೇಳುವಿಕೆಯನ್ನು ಕೆಲಸವೆಂದು ಲೆಕ್ಕ ಹಿಡಿಯುವವರಿಲ್ಲ. ಮನೆಯಿಂದ ಕಲಿಸುವವರ ಸಂಬಳ ನಿಗದಿ ಮಾಡುವವರು ತರಗತಿಯ ನಿಮಿಷಗಳ ಜೊತೆಗೆ ಇದನ್ನೂ ಎಣಿಸಲೇಬೇಕು.

ಈಗ ವಾರದ ದಿನಗಳಲ್ಲಿ ಧ್ವನಿ ಸಂದೇಶ, ಅಪ್ಪಂದಿರಿಗೆ ಬಿಡುವಿರುವ ದಿನ ಝೂಮ್. ರಾತ್ರಿ ಹತ್ತೂವರೆಯ ನಂತರ ಬಂದದ್ದಕ್ಕೆ ಮರುದಿನ ಉತ್ತರಿಸುತ್ತೇನೆಂದು ಎಲ್ಲ ಮನೆಗಳಿಗೂ ತಿಳಿಸಿದ್ದೇನೆ.