ಮಷಿನ್, ಪಾಪ್‌ಕಾರ್ನ್ ಡಬ್ಬಿ, ಬಾಣಲೆ, ಹೀಟ್ ಗನ್: ಒಂದೇ ಕಾಫಿ ಬೀಜ, ನಾಲ್ಕು ಥರದ ಹುರಿತ

ಕಾಫಿ ಬೀಜ ಹುರಿಯುವ ಮಷಿನ್ ಮನೆಗೆ ತಂದಾಗ ನನ್ನ ಲೆಕ್ಕ ಸರಳವಾಗಿತ್ತು. ಹಸಿ ಬೀಜ ಸುರಿಯುವುದು, ಗುಂಡಿ ಒತ್ತುವುದು, ಅರ್ಧ ಗಂಟೆಯಲ್ಲಿ ಘಮಘಮ ಬೀಜ ಡಬ್ಬಕ್ಕೆ. ಎರಡು ವರ್ಷ ಆಯ್ತು. ಗುಂಡಿ ಒತ್ತುವ ತನಕ ಎಲ್ಲವೂ ನಿಜಕ್ಕೂ ಸರಳವೇ.

ನನ್ನದು ಡ್ರಮ್ ತಿರುಗುವ ಕರೆಂಟಿನ ಮಷಿನ್. ಒಂದು ಸಲಕ್ಕೆ 300 ಗ್ರಾಂ. ಮುಂದೆ ಗಾಜಿನ ಬಾಗಿಲು, ಒಳಗೊಂದು ದೀಪ. ನಾಲ್ಕನೇ ಸಲದ ಹೊತ್ತಿಗೆ ಹೊಗೆಯ ಜಿಡ್ಡು ಕೂತು ಗಾಜು ಕಂದಾಯಿತು. ಒಳಗಿರುವ ಬೀಜ ತಿಳಿ ಕಂದೋ, ಕಡು ಕಂದೋ ಗೊತ್ತಾಗುವುದಿಲ್ಲ. ಸರಿ, ಕಿವಿಯಿಂದ ತಿಳಿಯೋಣ ಅಂದರೆ ಫ್ಯಾನ್ ಮತ್ತು ಮೋಟಾರಿನ ಗದ್ದಲ. ಬೀಜ ಸುಮಾರು 200 ಡಿಗ್ರಿ ಮುಟ್ಟಿದಾಗ ಒಳಗಿನ ಹಬೆಯ ಒತ್ತಡಕ್ಕೆ ಪಟ್ ಪಟ್ ಎಂದು ಸಿಡಿಯುತ್ತದೆ. ಅದೇ ಫಸ್ಟ್ ಕ್ರ್ಯಾಕ್. ಅಲ್ಲಿಂದ ಮುಂದಿನ ಎರಡು ಮೂರು ನಿಮಿಷದಲ್ಲೇ ರುಚಿ ತೀರ್ಮಾನವಾಗುವುದು. ಆ ಸದ್ದು ಕೇಳಲು ನಾನು ಬಿಸಿ ಮಷಿನ್‌ಗೆ ಕಿವಿ ಹಚ್ಚಿ ನಿಂತಿದ್ದುಂಟು. ನೋಡಿದವರು ಏನಂದುಕೊಂಡರೋ.

ಇನ್ನೊಂದು ಕಾಟ ವೋಲ್ಟೇಜಿನದು. ಹೀಟರ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಇಳಿಯುತ್ತದೆ. ವೋಲ್ಟೇಜ್ ಶೇ. 10 ಕಡಿಮೆಯಾದರೆ ಶಾಖ ಹತ್ತಿರಹತ್ತಿರ ಶೇ. 19 ಕಡಿಮೆ. ಬೆಳಗ್ಗೆ 13 ನಿಮಿಷಕ್ಕೆ ಆಗುತ್ತಿದ್ದದ್ದು ಸಂಜೆ 17 ಆದರೂ ಆಗುತ್ತಿರಲಿಲ್ಲ. ಮಷಿನ್‌ನ ಟೈಮರ್‌ಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಒಂದು ದಿನ ಹೀಟರೇ ಕೈಕೊಟ್ಟಿತು. ಕಂಪನಿಗೆ ಬರೆದೆ. ಮೂರು ವಾರದ ಮೇಲೆ ಉತ್ತರ ಬಂತು: ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ.

ಆ ಮೂರು ವಾರದಲ್ಲೇ ಬೇರೆ ದಾರಿ ಹುಡುಕಲು ಶುರು ಮಾಡಿದ್ದು. ಹೀಟರ್ ರಿಪೇರಿಯಾಗಿ ಬಂದ ಮೇಲೆ ಒಂದೇ ಚೀಲದ ಬೀಜವನ್ನು ನಾಲ್ಕೂ ಥರ ಹುರಿದೆ. ಹೊರಗಿನ ಬಣ್ಣ ಆದಷ್ಟು ಒಂದೇ ಇರುವ ಹಾಗೆ ನೋಡಿಕೊಂಡೆ. ಹುರಿಯುವ ಮುಂಚೆ, ಆಮೇಲೆ ತೂಕ ಹಾಕಿದೆ. ಹೊಸದಾಗಿ ಹುರಿದ ಬೀಜ ಕಾರ್ಬನ್ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ, ಅವಸರಪಟ್ಟರೆ ರುಚಿ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಮೂರು ದಿನ ಬಿಟ್ಟು, ಜಾರ್‌ಗಳ ಮೇಲೆ ಬರೀ ನಂಬರ್ ಬರೆದು, ಮನೆಯವರಿಗೂ ಕುಡಿಸಿದೆ.

ಕಬ್ಬಿಣದ ಬಾಣಲೆಯ ವಿಷಯ ಬೇಗ ಮುಗಿಸುತ್ತೇನೆ. ತಳಕ್ಕೆ ತಾಗಿದ ಮೈ ಸೀಯುತ್ತದೆ, ಮೇಲಿನದು ಹಸಿಯಾಗೇ ಇರುತ್ತದೆ. ಹದಿನೈದು ನಿಮಿಷ ಕೈ ನಿಲ್ಲಿಸದೆ ಆಡಿಸಿದರೂ ಬೀಜದ ಮೇಲೆ ಕಪ್ಪು ಚುಕ್ಕೆ. ಓವನ್ ಅನ್ನು ಪಟ್ಟಿಗೇ ಸೇರಿಸಲಿಲ್ಲ. ಹಿಂದೊಮ್ಮೆ ಮಾಡಿ ನೋಡಿದ್ದೆ, ಸಾಕು.

ಪಾಪ್‌ಕಾರ್ನ್ ಮಷಿನ್ ಖುಷಿ ಕೊಟ್ಟಿತು. ಬಿಸಿ ಗಾಳಿ ಬೀಜವನ್ನು ಕುಣಿಸುತ್ತದೆ, ಬಣ್ಣ ಎಲ್ಲ ಕಡೆ ಸಮ. ಆದರೆ ಅದಕ್ಕೆ ವಿಪರೀತ ಅವಸರ. 90 ಗ್ರಾಂ ಹಾಕಿದರೆ ಐದೇ ನಿಮಿಷದಲ್ಲಿ ಮುಗಿದೇ ಹೋಯಿತು. ಕಮ್ಮಿ ಹಾಕಿದರೆ ಇನ್ನೂ ಬೇಗ ಆಗುತ್ತೆ ಅಂದುಕೊಂಡಿದ್ದೆ. ಆದದ್ದು ಉಲ್ಟಾ. 75 ಗ್ರಾಂ ಹಾಕಿದಾಗ ಗಾಳಿ ಸಲೀಸಾಗಿ ಹಾದುಹೋಗಿ ಇನ್ನೊಂದು ನಿಮಿಷ ಸಿಕ್ಕಿತು. ಆದರೂ ಪುಡಿ ಮಾಡಿ ನೋಡಿದರೆ ಹೊರಗಿನ ಬಣ್ಣಕ್ಕಿಂತ ಒಳಗಿನದು ತಿಳಿ. ಒಳತನಕ ಹುರಿದಷ್ಟೂ ತೂಕ ಹೆಚ್ಚು ಇಳಿಯುತ್ತದೆ. ತೂಕವೂ ಅದನ್ನೇ ಹೇಳಿತು: 75 ಗ್ರಾಂ ಹೋಗಿ 65 ಆಗಿತ್ತು, ಅಂದರೆ ಶೇ. 13ರಷ್ಟು ಇಳಿಕೆ. ಡ್ರಮ್ ಮಷಿನ್‌ನಲ್ಲಿ ಅದು ಶೇ. 16. ಕುಡಿದಾಗ ಮುಂದೆ ಚುರುಕು ಹುಳಿ, ಹಿಂದೆ ಹುಲ್ಲಿನ ಥರದ ಒಂದು ರುಚಿ.

ಕೊಳ್ಳುವವರು ಮೊದಲು ಒಳಗೆ ಇಣುಕಿ ನೋಡಿ. ಬಿಸಿ ಗಾಳಿ ಪಕ್ಕದ ಗೋಡೆಯ ಸೀಳುಗಳಿಂದ ಬರಬೇಕು. ತಳದಲ್ಲಿ ಜಾಲರಿ ಇರುವುದು ಬೇಡವೇ ಬೇಡ. ಬೀಜದಿಂದ ಕಳಚುವ ಸಣ್ಣ ಹೊಟ್ಟು ಜಾಲರಿಯಿಂದ ಹೀಟರ್ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಉಳಿದ ಹೊಟ್ಟು ಅಡುಗೆಮನೆ ತುಂಬ ಹಾರುತ್ತದೆ. ಮರುದಿನ ಸಕ್ಕರೆ ಡಬ್ಬದಲ್ಲೂ ಸಿಕ್ಕಿತು.

ಇನ್ನು ಹೀಟ್ ಗನ್. ಗೋಡೆ, ಬಾಗಿಲಿನ ಹಳೇ ಬಣ್ಣ ಕೆರೆಯಲು ಬಿಸಿ ಗಾಳಿ ಊದುವ ಗನ್ ಬಳಸುತ್ತಾರಲ್ಲ, ಅದೇ. ಬಣ್ಣಕ್ಕೆ ಬಳಸಿದ್ದನ್ನು ಮಾತ್ರ ತರಬೇಡಿ, ಹೊಸದೇ ಬೇಕು. ದಪ್ಪ ಸ್ಟೀಲ್ ಬೋಗುಣಿಗೆ 250 ಗ್ರಾಂ ಬೀಜ, ಒಂದು ಕೈಯಲ್ಲಿ ಮರದ ಸೌಟು, ಇನ್ನೊಂದರಲ್ಲಿ ಗನ್. ಬಯಲಲ್ಲಿ ನಿಂತು ಮಾಡಿದರೆ ಹೊಗೆ, ಹೊಟ್ಟು ಎರಡರ ಚಿಂತೆಯೂ ಇಲ್ಲ. ನಾಲ್ಕನೇ ನಿಮಿಷಕ್ಕೆ ಹಸಿರು ಹೋಗಿ ಹಳದಿ, ಒಣ ಹುಲ್ಲಿನ ವಾಸನೆ. ಆಮೇಲೆ ಬ್ರೆಡ್ ಸುಟ್ಟ ಘಮ. ಒಂಬತ್ತರ ಹೊತ್ತಿಗೆ ಪಟ್ ಪಟ್. ಹೊಟ್ಟು ಗಾಳಿಗೆ ತೂರಿ ಹೋಗುತ್ತಿರುತ್ತದೆ. ಬಿಸಿ ಜಾಸ್ತಿಯಾಯಿತು ಅನ್ನಿಸಿದರೆ ಗನ್ನನ್ನು ಎರಡು ಬೆರಳಷ್ಟು ಮೇಲೆತ್ತಿದರಾಯಿತು. ಮಷಿನ್‌ನಲ್ಲಿ ಇದಕ್ಕೆ ಮೂರು ಗುಂಡಿ ಒತ್ತಬೇಕು, ಒತ್ತಿದ್ದು ಒಂದು ನಿಮಿಷದ ಮೇಲೆ ಅದಕ್ಕೆ ಅರ್ಥವಾಗುತ್ತದೆ.

ಕಷ್ಟ ಇಲ್ಲ ಅಂತಲ್ಲ. ಹನ್ನೆರಡು ನಿಮಿಷಕ್ಕೆ ತೋಳು ಸೋಲುತ್ತದೆ. ಗಾಳಿ ಬೀಸಿದರೆ ಬಿಸಿ ನಿಲ್ಲುವುದಿಲ್ಲ. ಮಳೆ ಬಂದರೆ ಕೆಲಸವೇ ಇಲ್ಲ. ಬೀಜಗಳ ಬಣ್ಣವೂ ಚೂರು ಹೆಚ್ಚುಕಮ್ಮಿ. ಆದರೂ ಮನೆಯಲ್ಲಿ ಮೊದಲು ಖಾಲಿಯಾದದ್ದು ಮೂರನೇ ನಂಬರಿನ ಜಾರ್, ಅಂದರೆ ಇದೇ.

ಏಕೆ ಅಂತ ಯೋಚಿಸಿದಾಗ ಹೊಳೆದದ್ದು ಹುರಿದ ಬೀಜವನ್ನು ತಣ್ಣಗಾಗಿಸುವ ವಿಷಯ. ಗನ್ ಆಫ್ ಮಾಡಿದ ಕೂಡಲೇ ಬೀಜವನ್ನು ಎರಡು ಜರಡಿಗಳ ನಡುವೆ ಆಚೀಚೆ ಸುರಿಯುತ್ತೇನೆ, ಎದುರಿಗೆ ಟೇಬಲ್ ಫ್ಯಾನ್. ಮೂರು ನಿಮಿಷಕ್ಕೆ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುತ್ತದೆ. ಮಷಿನ್ ಮಾತ್ರ ಬಿಸಿ ಪೆಟ್ಟಿಗೆಯೊಳಗೇ 13 ನಿಮಿಷ ಆರಿಸುತ್ತದೆ. ಅಷ್ಟೂ ಹೊತ್ತು ಬೀಜ ತನ್ನದೇ ಶಾಖದಲ್ಲಿ ಬೇಯುತ್ತಲೇ ಇರುತ್ತದೆ. ಎರಡು ವರ್ಷ ನಾನು ಹುರಿಯುವ ಸಮಯವನ್ನೇ ತಿದ್ದುತ್ತಾ ಕೂತಿದ್ದೆ!

ಈಗ ಮಷಿನ್‌ನಲ್ಲಿ ಕೂಲಿಂಗ್ ಶುರುವಾದ ಮೇಲೆ, ಒಳಗೆ ಕಿಡಿ ಇಲ್ಲ ಎಂದು ನೋಡಿಕೊಂಡು, ಬಾಗಿಲು ತೆಗೆದು ಎದುರಿಗೆ ಫ್ಯಾನ್ ಇಡುತ್ತೇನೆ. ಬೆಂಕಿ ಕಂಡರೆ ಬಾಗಿಲು ಮುಟ್ಟಲೇಬಾರದು, ಗಾಳಿ ಸಿಕ್ಕಿ ಭಗ್ಗೆನ್ನುತ್ತದೆ. ಪ್ಲಗ್ ಕಿತ್ತು ಸುಮ್ನೆ ಬಿಡಬೇಕು. ಫ್ಯಾನ್ ಇಟ್ಟರೆ ಆರಲು ಏಳು ನಿಮಿಷ ಸಾಕು. ಒಗರು, ಸೀದ ಕಹಿ ಎರಡೂ ಇಳಿದಿವೆ. ಮಳೆ ಬಂದ ದಿನ, ನೆಂಟರು ಬರುವ ವಾರ ಮಷಿನ್‌ಗೆ ಕೆಲಸ. ಉಳಿದ ದಿನ ಹೀಟ್ ಗನ್ನೇ. ಪಾಪ್‌ಕಾರ್ನ್ ಡಬ್ಬಿಯನ್ನೂ ಬಿಸಾಡಿಲ್ಲ. ಹೊಸ ಬೀಜ ಹೇಗಿದೆ ನೋಡಬೇಕೆಂದಾಗ ಅದರಲ್ಲೇ ಒಂದು ಬಾರಿ ಹುರಿಯುತ್ತೇನೆ. ಕೆಟ್ಟರೆ 75 ಗ್ರಾಂ ಹೋಯಿತು, ಅಷ್ಟೇ.